ಹಳತಿನಿಂದ ಮನೆಯ ಸಿಂಗಾರ

ಶಾಲೆಯಲ್ಲಿ ಅಲಂಕಾರದ ಪಾಠ ಆರಂಭಿಸುವಾಗ ನಾನು ಮಕ್ಕಳಿಗೆ ಮೊದಲು ಒಂದು ಪ್ರಶ್ನೆ ಹಾಕುವುದುಂಟು: ‘ಅಲಂ’ ಎಂದರೇನು? ಉಪಮೆ, ರೂಪಕ, ದೃಷ್ಟಾಂತಗಳ ಲಕ್ಷಣವನ್ನು ಬಾಯಿಪಾಠ ಮಾಡಿಕೊಂಡು ಬಂದ ಮಕ್ಕಳೂ ಈ ಪ್ರಶ್ನೆಗೆ ಸುಮ್ಮನಾಗುತ್ತಾರೆ. ‘ಅಲಂ’ ಎಂಬುದು ಸಂಸ್ಕೃತದ ಒಂದು ಅವ್ಯಯ. ‘ಸಾಕು’ ಎಂಬುದು ಅದರ ಅರ್ಥಗಳಲ್ಲೊಂದು. ಹಾಗೆ ನೋಡಿದರೆ ಅಲಂಕಾರವೆಂದರೆ ಸಾಕೆನ್ನುವಂತೆ ಮಾಡುವುದು. ಇರುವುದನ್ನೇ ಅಣಿಗೊಳಿಸಿ ಕೊರತೆ ತೋರದಂತೆ ಸಜ್ಜುಗೊಳಿಸುವುದು. ಹೊರಗಿನಿಂದ ಮತ್ತಷ್ಟು ತಂದು ಪೇರಿಸುವುದು ಅಲಂಕಾರವಲ್ಲ. ಕಾವ್ಯಕ್ಕೆ ಸಲ್ಲುವ ಈ ಮಾತು ಮನೆಗೂ ಸಲ್ಲುತ್ತದೆಂಬುದು ನನ್ನ ಅನುಭವ.

ನಮ್ಮ ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಇಂಥ ಅಲಂಕಾರಕ್ಕೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಕಾಫಿ ತುಂಬಿ ಹಳತಾದ ಗೋಣಿ, ಪೆಟ್ಟಿಗೆಯ ತಳ ಸೇರಿದ ನೂಲಿನ ಸೀರೆ, ತೋಟದಲ್ಲಿ ಕಿತ್ತು ಹಾಕಿದ ಕಾಫಿಗಿಡದ ಬೊಡ್ಡೆ, ಮಾಡು ಇಳಿಸಿದಾಗ ಉಳಿದ ಹಂಚು—ಇವು ಯಾವ ಮನೆಯ ಹಿತ್ತಿಲಲ್ಲಿ ಇಲ್ಲ? ಹಳತನ್ನು ಹೊಸ ಕೆಲಸಕ್ಕೆ ಹಚ್ಚುವುದೂ ನಮಗೆ ಹೊಸದಲ್ಲ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ಮಡಿಸಿ ತಲೆಗೆ ಹಾಕಿಕೊಂಡರೆ ಅದೇ ಕೊಪ್ಪೆ. ಮಲೆನಾಡಿನ ಮಳೆಯಲ್ಲಿ ಗದ್ದೆಗೆ ಇಳಿದ ಎಷ್ಟೋ ಮಂದಿಯ ಬೆನ್ನು ಕಾದದ್ದು ಅದು. ಕತ್ತರಿ ತಾಗಿಸದೆ, ಸೂಜಿ ಹಿಡಿಯದೆ, ಒಂದು ಮಡಿಕೆಯಿಂದಲೇ ಚೀಲವನ್ನು ಉಡುಪು ಮಾಡಿದ ಆ ಜಾಣ್ಮೆಯನ್ನು ಯಾರು ಕಂಡುಹಿಡಿದರೋ!

ಆದರೆ ಈ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಜಾಣ್ಮೆಯಿಂದಲ್ಲ, ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಮಾಗಿಯ ದಿನಗಳಲ್ಲಿ, ಸ್ನೇಹಿತರೊಬ್ಬರ ತೋಟದಿಂದ ಅಂದವಾಗಿ ಬಳುಕಿದ್ದ ಕಾಫಿ ಬೊಡ್ಡೆಯೊಂದನ್ನು ತಂದೆ. ಮಣ್ಣು ತೊಳೆದು ಜಗಲಿಯ ಮೂಲೆಯಲ್ಲಿ ನಿಲ್ಲಿಸಿ ಮೇಲೊಂದು ಹೂವಿನ ಕುಂಡ ಇಟ್ಟೆ. ಬಂದವರೆಲ್ಲ ಮೆಚ್ಚಿದರು, ನಾನೂ ಹಿಗ್ಗಿದೆ. ಮೇ ತಿಂಗಳಲ್ಲಿ ಅದರ ಮೈಮೇಲೆ ಪೆನ್ಸಿಲ್ಲಿನಿಂದ ಚುಚ್ಚಿದಂತೆ ದುಂಡನೆಯ ತೂತುಗಳು ಕಾಣಿಸಿದವು. ಏನೋ ಒಣಗಿ ಬಿರಿದಿರಬೇಕೆಂದು ಸುಮ್ಮನಾದೆ. ಒಂದು ದಿನ ಹತ್ತಿರದ ತೋಟದ ರೈಟರು ಮಗನ ಪ್ರೋಗ್ರೆಸ್ ಕಾರ್ಡಿಗೆ ರುಜು ಹಾಕಲು ಬಂದವರು ಜಗಲಿಯಲ್ಲೇ ನಿಂತುಬಿಟ್ಟರು. “ಮೇಷ್ಟ್ರೇ, ಇದು ಬೋರರ್ ಹೊಡೆದ ಗಿಡ ಅಲ್ವೇ! ಸುಟ್ಟು ಹಾಕಬೇಕಾದ್ದನ್ನ ಮೇಲೆ ಹೂವಿಟ್ಟು ಕೂರಿಸಿದ್ದೀರಲ್ಲ,” ಎಂದರು.

ಅವರು ಹೇಳಿದುದು ನಿಜ. ಅರೇಬಿಕಾ ಕಾಫಿಗೆ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಇದೊಂದು ಸಣ್ಣ ದುಂಬಿ. ಕಪ್ಪು ಮೈ, ಮೇಲೆ ಬಿಳಿಯ ಗೆರೆಗಳು. ಹೆಣ್ಣು ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ, ಆಮೇಲೆ ಕಾಂಡದ ಒಳಗೆ ಕೊರೆಯುತ್ತ ತಿಂಗಳುಗಟ್ಟಲೆ ಇದ್ದು, ಏಪ್ರಿಲ್–ಮೇ ತಿಂಗಳಲ್ಲೋ ಅಕ್ಟೋಬರಿನಿಂದ ಡಿಸೆಂಬರಿನ ನಡುವೆಯೋ ದುಂಬಿಯಾಗಿ ತೂತು ಕೊರೆದು ಹೊರಬೀಳುತ್ತದೆ. ಗಿಡ ಕಿತ್ತರೂ ಒಳಗಿನ ಹುಳು ಸಾಯುವುದಿಲ್ಲ. ಆದ್ದರಿಂದಲೇ ರೋಗದ ಗಿಡವನ್ನು ದುಂಬಿ ಹಾರುವ ಕಾಲಕ್ಕೆ ಮುಂಚೆ ಕಿತ್ತು ಸುಡಬೇಕೆಂದು ಬೆಳೆಗಾರರಿಗೆ ಹೇಳುವುದು. ನನ್ನ ಜಗಲಿಯ ಎದುರು, ರಸ್ತೆಯ ಆಚೆಗೆ, ಸಣ್ಣ ಹಿಡುವಳಿದಾರರೊಬ್ಬರ ಎರಡು ಎಕರೆ ಅರೇಬಿಕಾ ಇತ್ತು. ಮರುವರ್ಷ ರಸ್ತೆಯ ಅಂಚಿನ ಸಾಲಿನಲ್ಲಿ ಮೂರು ಗಿಡಗಳ ಎಲೆ ಹಳದಿಗೆ ತಿರುಗಿ, ಕಾಂಡದಲ್ಲಿ ಉಬ್ಬುಗೆರೆ ಎದ್ದವು. ಹುಳು ನನ್ನ ಜಗಲಿಯಿಂದಲೇ ಹೋಯಿತೆಂದು ಹೇಳಲಾಗದು. ಹೋಗಲಿಲ್ಲವೆಂದೂ ಎದೆ ತಟ್ಟಿ ಹೇಳಲಾಗದು. ನನ್ನ ಮನೆಯ ಸಿಂಗಾರ ನೆರೆಯವರ ಅನ್ನಕ್ಕೆ ಕುತ್ತು ತಂದಿರಬಹುದೆಂಬ ಆ ಸಂದೇಹ ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ ಎಂಬ ಗ್ರಂಥ ಬರೆದ. ಸೊಂಟಕ್ಕೆ ಸಲ್ಲುವ ಆಭರಣವನ್ನು ಕೊರಳಿಗೆ ಹಾಕಿಕೊಂಡರೆ ಜನ ನಗುತ್ತಾರೆ ಎಂಬುದು ಅವನ ವಾದದ ಸಾರ. ಆಭರಣದಲ್ಲಿ ದೋಷವಿಲ್ಲ, ಇಟ್ಟ ಜಾಗದಲ್ಲಿ ಔಚಿತ್ಯವಿಲ್ಲ. ಹಳೆಯ ವಸ್ತುವನ್ನು ಮನೆಯ ಸಿಂಗಾರಕ್ಕೆ ತರುವ ಮೊದಲೂ ಈ ಔಚಿತ್ಯವನ್ನು ವಿಚಾರಿಸತಕ್ಕದ್ದು. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದರ ಮೊದಲಿನ ಕೆಲಸ ನಿಜವಾಗಿ ಮುಗಿಯಿತೆ? ಹೊಸ ಜಾಗದಲ್ಲಿ ಇದು ಯಾರಿಗಾದರೂ ಕೆಡುಕು ಮಾಡೀತೆ? ಚಂದ ಕಾಣುವುದರ ಜೊತೆಗೆ ಏನಾದರೂ ಕೆಲಸಕ್ಕೆ ಬಂದೀತೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ನಾಲ್ಕು ಸಾಮಗ್ರಿಗಳ ವಿಚಾರವನ್ನು ಇಲ್ಲಿ ಹೇಳುತ್ತೇನೆ.

ಗೋಣಿ

ನಮ್ಮಲ್ಲಿ ಕಾಫಿಯ ಧಾರಣೆ ಹೇಳುವುದು 50 ಕಿಲೋ ಮೂಟೆಯ ಲೆಕ್ಕದಲ್ಲಿ. ಅಷ್ಟು ಭಾರ ಹೊತ್ತು ಬಂದ ಸೆಣಬಿನ ಚೀಲ ಮೂಟೆಗೆ ಬಾರದಷ್ಟು ಹಳತಾದ ಮೇಲೂ ಅದರ ನೇಯ್ಗೆಯಲ್ಲಿ ಕಸುವು ಉಳಿದಿರುತ್ತದೆ. ಮೊದಲು ಚೀಲದ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಿ. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಅಂಟುವಾಳದ ನೊರೆಯಲ್ಲಿ ತೊಳೆದು, ಬಿಸಿಲಿಗೆ ಹರಡಿ. ಸೆಣಬಿನ ಎಣ್ಣೆವಾಸನೆ ಹೋಗಲು ಎರಡು ಮೂರು ಸಲ ತೊಳೆಯಬೇಕಾದೀತು. ಕತ್ತರಿಸುವಾಗ ಕಣ್ಣಳತೆಯನ್ನು ನಂಬಬೇಡಿ. ಬೇಕಾದ ಜಾಗದಲ್ಲಿ ಒಂದೇ ಒಂದು ಎಳೆಯನ್ನು ಹಿಡಿದು ಪೂರ್ತಿ ಎಳೆದು ತೆಗೆಯಿರಿ. ಎಳೆ ಹೋದ ಕಡೆ ನೇರವಾದ ಒಂದು ಓಣಿ ಕಾಣುತ್ತದೆ. ಕತ್ತರಿ ಆ ಓಣಿಯಲ್ಲೇ ಹೋಗಲಿ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವ ಸ್ವಭಾವದ್ದಾದ್ದರಿಂದ ಎರಡು ಸಲ ಮಡಿಸಿ ದಬ್ಬಣದಿಂದ ಹೊಲಿಯಬೇಕು. ಗಂಜಿಯಲ್ಲಿ ಅದ್ದಿ ಒಣಗಿಸಿದರೆ ಬಟ್ಟೆ ನೆಟ್ಟಗೆ ನಿಲ್ಲುತ್ತದೆ. ಬಣ್ಣದ ಉಣ್ಣೆದಾರದಿಂದ ರಂಗೋಲಿಯ ಚುಕ್ಕಿ-ಗೆರೆಗಳನ್ನು ಅದರ ಮೇಲೆ ಎತ್ತಬಹುದು. ಗೋಣಿಯ ಬಿಡಿನೇಯ್ಗೆಯಲ್ಲಿ ಎಳೆಗಳನ್ನು ಎಣಿಸುವುದು ಸುಲಭ, ಚುಕ್ಕಿ ತಪ್ಪುವುದಿಲ್ಲ.

ಇದನ್ನು ಎಲ್ಲಿ ಹಾಕಬೇಕು? ನೆಲಕ್ಕೆ ಹಾಸಿದರೆ ಬೇಸಗೆಯಲ್ಲಿ ಸೊಗಸು. ಜೂನ್ ಬಂದಿತೆಂದರೆ ನಮ್ಮ ನೆಲ ಬೆವರುತ್ತದೆ, ಗೋಣಿ ಆ ತೇವವನ್ನು ಕುಡಿದು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಅದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿರಲಿ. ವರ್ಷವೆಲ್ಲ ಇರಬೇಕೆಂದರೆ ಒಳಗೋಡೆಗೆ ತೂಗುಹಾಕಿ. ಹೀಗೆ ತೂಗುವುದರಿಂದ ರೇಡಿಯೋ ಕೇಳುವ ಮನೆಗೆ ಒಂದು ವಿಶೇಷ ಲಾಭವಿದೆ. ಹೊಸದಾಗಿ ಕಟ್ಟಿದ ತಾರಸಿ ಮನೆಯ ಬರಿಯ ಕೋಣೆಯಲ್ಲಿ ಮಾತು ಗೋಡೆಯಿಂದ ಗೋಡೆಗೆ ಪುಟಿದು ಒಂದರ ಮೇಲೊಂದು ಬೀಳುತ್ತದೆ. ವಾರ್ತೆ ಓದುವವರ ವ್ಯಂಜನಗಳು ಕಲಸಿಹೋಗುತ್ತವೆ. ಒರಟಾದ ದಪ್ಪ ಬಟ್ಟೆ ಆ ದನಿಯ ಒಂದು ಭಾಗವನ್ನು ಹೀರಿಕೊಳ್ಳುತ್ತದೆ. ಎರಡು ಮೂರು ಪದರದ ಗೋಣಿಯನ್ನು ರೇಡಿಯೋ ಎದುರಿನ ಗೋಡೆಗೆ, ಗೋಡೆಗೆ ಅಂಟದಂತೆ ಎರಡು ಬೆರಳು ಬಿಟ್ಟು ಕಟ್ಟಿ ನೋಡಿ. ಆ ತೆರಪಿನಲ್ಲಿ ಗಾಳಿಯಾಡಿ ಬೂಷ್ಟೂ ಹಿಡಿಯದು, ದನಿ ಹೀರುವ ಗುಣವೂ ಹೆಚ್ಚೀತು.

ಹಳೆಯ ಸೀರೆ

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆಯೇ ಕೌದಿ. ಸಂಸ್ಕೃತದಲ್ಲಿ ಇಂಥದಕ್ಕೆ ‘ಕಂಥಾ’ ಎಂದು ಹೆಸರು. ಬಂಗಾಳದ ಹೆಣ್ಣುಮಕ್ಕಳು ಹಳೆಯ ಸೀರೆಯಿಂದ ಹೊಲಿಯುವ ‘ಕಾಂಥಾ’ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಸವೆದ ಬಟ್ಟೆಯ ಒಂದು ಪದರ ಜಗ್ಗಿದರೆ ಹರಿಯುತ್ತದೆ. ನಾಲ್ಕಾರು ಪದರ ಸೇರಿಸಿ ಒತ್ತಾಗಿ ಹೊಲಿದರೆ ಎಳೆತವನ್ನು ಹೊಲಿಗೆಯ ಸಾಲುಗಳೆಲ್ಲ ಹಂಚಿಕೊಳ್ಳುತ್ತವೆ. ಪದರಗಳ ನಡುವೆ ನಿಂತ ಗಾಳಿ ಮೈಯ ಬಿಸುಪನ್ನು ಹೊರಗೆ ಬಿಡುವುದಿಲ್ಲ. ದುರ್ಬಲವಾದವು ಕೂಡಿ ಬಲವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಬೇರೆ ಸಿಕ್ಕಿಲ್ಲ.

ಸೀರೆ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ನೆಲಕ್ಕೆ ಉಜ್ಜುವ ಕೆಳಗಿನ ಅಂಚೂ ಕೂರುವ ಭಾಗವೂ ಬೇಗ ಹೋಗುತ್ತವೆ. ಒಳಗೆ ಸಿಕ್ಕಿಸುವ ಭಾಗ ಬಹುಕಾಲ ಗಟ್ಟಿಯಾಗಿರುತ್ತದೆ. ಗಟ್ಟಿ ಭಾಗ ಮೇಲೂ ಕೆಳಗೂ ಬರಲಿ, ಸವೆದದ್ದು ನಡುವೆ ಅಡಗಲಿ. ನೂಲಿನ ಸೀರೆಯೊಡನೆ ಪಾಲಿಯೆಸ್ಟರನ್ನು ಬೆರೆಸಬೇಡಿ. ಒಗೆದಾಗ ಒಂದು ಮುದುಡಿ ಇನ್ನೊಂದು ಮುದುಡದೆ ಕೌದಿ ಗಂಟುಗಂಟಾಗುತ್ತದೆ. ಹೊಲಿಗೆ ಅಂಚಿನಿಂದ ಆರಂಭವಾಗಿ, ಚೌಕದೊಳಗೆ ಚೌಕವಾಗಿ ಒಳಕ್ಕೆ ನಡೆಯಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಯ ಸಿದ್ದಿ ಸಮುದಾಯದ ಹೆಂಗಸರು ‘ಕವಂದಿ’ಯನ್ನು ಹೊಲಿಯುವುದು ಹೀಗೆಯೇ. ಕೆಲಸ ಮುಗಿಯಿತೆನ್ನುವಾಗ ಅವರು ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನೆಗಳನ್ನು ಹೊಲಿದು ‘ಫೂಲ’ ಎಂದು ಕರೆಯುತ್ತಾರೆ. ಹೂವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಬರಿಮೈಯಲ್ಲಿದ್ದಂತೆ. ಆ ಕವಂದಿಗಳನ್ನು ಇಂದು ದೂರದೇಶದವರು ಕಲೆಯೆಂದು ಕೊಂಡು ಗೋಡೆಗೆ ತೂಗುಹಾಕುತ್ತಾರೆ.

ಪೂರ್ತಿ ಕೌದಿ ಹೊಲಿಯಲು ವಾರಗಳು ಬೇಕು. ಮೊದಲ ಸಲಕ್ಕೆ ಕುರ್ಚಿಯ ಮೇಲೆ ಹಾಕುವ ಒಂದು ಮೊಳದ ಚೌಕ ಸಾಕು. ನಮ್ಮ ಮನೆಯಲ್ಲಿ ಅಮ್ಮನ ಐದು ಸೀರೆಗಳಿಂದ ಹೊಲಿದ ಒಂದು ಹಾಸು ಇದೆ. ಅವರು ತೀರಿಕೊಂಡ ಮೇಲೆ ಆ ಸೀರೆಗಳನ್ನು ಕೊಡಲೂ ಮನಸ್ಸು ಬರಲಿಲ್ಲ, ಪೆಟ್ಟಿಗೆಯಲ್ಲಿ ನುಸಿಗೆ ಬಿಡಲೂ ಮನಸ್ಸು ಬರಲಿಲ್ಲ. ಅಕ್ಕ ಎರಡು ಬೇಸಗೆ ರಜೆಗಳಲ್ಲಿ ಅದನ್ನು ಹೊಲಿದು ಮುಗಿಸಿದಳು. ಈಗ ಮನೆಗೆ ಬಂದ ಮೊಮ್ಮಕ್ಕಳು ಅದರ ಮೇಲೆ ಕುಳಿತು, “ಇದು ಯಾವ ಸೀರೆ, ಅಜ್ಜಿ ಇದನ್ನು ಯಾವಾಗ ಉಡುತ್ತಿದ್ದರು?” ಎಂದು ಕೇಳುತ್ತಾರೆ. ಪೆಟ್ಟಿಗೆಯಲ್ಲಿದ್ದಿದ್ದರೆ ಯಾರು ಕೇಳುತ್ತಿದ್ದರು?

ಕಾಫಿಯ ಬೊಡ್ಡೆ

ನನ್ನ ತಪ್ಪಿನ ಕತೆ ಕೇಳಿ ಬೊಡ್ಡೆಯ ತಂಟೆಯೇ ಬೇಡವೆನ್ನಬೇಕಾಗಿಲ್ಲ. ಕಾಫಿಗಿಡ ಎತ್ತರಕ್ಕೆ ಹೋಗದಂತೆ ತುದಿ ಕತ್ತರಿಸಿ, ವರ್ಷವರ್ಷವೂ ಚಿಗುರು ತೆಗೆದು ಬೆಳೆಸುವುದರಿಂದ ಅದರ ಕಾಂಡ ಗಂಟುಗಂಟಾಗಿ, ಬಳುಕಿ, ದಪ್ಪವಾಗುತ್ತದೆ. ಎಳೆ ಒತ್ತು, ಮರ ಗಟ್ಟಿ. ಮಲೆನಾಡಿನ ಮನೆಗಳಲ್ಲಿ ಟೀಪಾಯಿಯ ಕಾಲಾಗಿ ಇದು ನಿಂತಿರುವುದನ್ನು ಅನೇಕರು ನೋಡಿರಬಹುದು. ಬೇರಿನ ಕಡೆಯನ್ನು ಮೇಲೆ ಮಾಡಿದರೆ ಹರಡಿದ ಬೇರುಗಳೇ ಹಲಗೆಯನ್ನು ಹಿಡಿಯುತ್ತವೆ.

ಆರಿಸುವಾಗ ಮೊದಲು ಕೇಳಬೇಕಾದುದು: ಈ ಗಿಡವನ್ನು ಏಕೆ ಕಿತ್ತರು? ಮರುನಾಟಿಗಾಗಿ ಕಿತ್ತ ರೋಬಸ್ಟಾ ಆದರೆ ಭಯ ಕಡಿಮೆ. ಕಾಂಡಕೊರಕದ ಕಾಟ ಮುಖ್ಯವಾಗಿ ಅರೇಬಿಕಾಗೆ. ಕಾಂಡದ ಮೇಲೆ ಉಬ್ಬುಗೆರೆ, ತೂತು, ಕತ್ತರಿಸಿದ ಕಡೆ ಹುಡಿ ತುಂಬಿದ ಸುರಂಗ ಕಂಡರೆ ಅದನ್ನು ಮನೆಗೆ ತರದೆ ಅಲ್ಲಿಯೇ ಸುಡಲು ಬಿಡಿ. ಸಂದೇಹವಿರುವ ಅರೇಬಿಕಾ ಬೊಡ್ಡೆಯನ್ನು ಕಿತ್ತ ಕೂಡಲೆ ಪೂರ್ತಿ ಮುಳುಗುವಂತೆ ಹತ್ತು ದಿನ ನೀರಿನಲ್ಲಿಟ್ಟರೆ ಒಳಗಿನ ಹುಳು ಸಾಯುತ್ತದೆ. ಯಾವ ಬೊಡ್ಡೆಯಾದರೂ ತೊಗಟೆಯನ್ನು ಪೂರ್ತಿ ಸುಲಿಯಿರಿ. ಹುಳು ಓಡಾಡಿದ್ದರೆ ಅದರ ದಾರಿ ಅಲ್ಲಿ ಕಾಣುತ್ತದೆ.

ಆಮೇಲೆ ಒಣಗಿಸುವ ಕೆಲಸ. ಮರದ ತೇವ ಕತ್ತರಿಸಿದ ತುದಿಗಳಿಂದಲೇ ಬೇಗ ಹೊರಹೋಗುವುದರಿಂದ ತುದಿ ಮೊದಲು ಬಿರಿಯುತ್ತದೆ. ತುದಿಗಳಿಗೆ ಸಗಣಿಯನ್ನೋ ಕರಗಿಸಿದ ಮೇಣವನ್ನೋ ಬಳಿದು, ಬಿಸಿಲು ತಾಗದ, ಗಾಳಿಯಾಡುವ ನೆರಳಿನಲ್ಲಿ ಕೆಲವು ತಿಂಗಳು ಇಡಿ. ಅವಸರದಿಂದ ಬಿಸಿಲಿಗೆ ಇಟ್ಟ ಬೊಡ್ಡೆ ಸೀಳುವುದು ಖಂಡಿತ. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಬಟ್ಟೆಯಲ್ಲಿ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ. ಒಂದು ಒಣಗಿದ ಮೇಲೆ ಇನ್ನೊಂದು, ಹೀಗೆ ಮೂರು ಸಲ. ಇಲ್ಲೊಂದು ಎಚ್ಚರಿಕೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು. ಕೆಲಸ ಮುಗಿದೊಡನೆ ಅದನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಬೇಕು.

ಹಂಚು

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚಿನ ಹೆಸರು ದೇಶದಲ್ಲೆಲ್ಲ ಹರಡಿತು. ಘಾಟಿಯ ಮೇಲಿನ ನಮ್ಮ ಊರುಗಳ ಮಾಡುಗಳಿಗೂ ಅದು ಬಂತು. ಈಗ ಹಂಚಿನ ಮನೆ ಇಳಿದು ತಾರಸಿ ಏಳುವ ಕಾಲ. ಮನೆ ಮನೆಯ ಹಿಂದೆಯೂ ಪಾಚಿ ಹಿಡಿದ ಹಂಚಿನ ಅಟ್ಟಿ ನಿಂತಿರುತ್ತದೆ. ಹೂವಿನ ಪಾತಿಯ ಅಂಚಿಗೆ ಓರೆಯಾಗಿ ನೆಟ್ಟರೆ ಮಣ್ಣು ಮಳೆಗೆ ಕೊಚ್ಚಿಹೋಗುವುದಿಲ್ಲ.

ಇದಕ್ಕಿಂತ ಚೆಲುವಾದ ಉಪಯೋಗವೊಂದಿದೆ. ತೋಟಗಳಲ್ಲಿ ಮರಗಸಿ ಮಾಡಿದಾಗ, ನೆರಳಿನ ಮರಗಳ ಕೊಂಬೆಗಳ ಜೊತೆಗೆ ಸೀತಾಳೆದಂಡೆಯೂ ನೆಲಕ್ಕೆ ಬೀಳುತ್ತದೆ. ಹಾಗೆಯೇ ಬಿಟ್ಟರೆ ಅದು ಕೊಳೆತುಹೋಗುತ್ತದೆ. ಬಿದ್ದುದನ್ನು ಮಾತ್ರ ಎತ್ತಿ ತನ್ನಿ. ಕಾಡಿನ ಮರದಿಂದ ಕೀಳಬೇಡಿ. ಹಂಚಿನ ಮೇಲೆ ಸ್ವಲ್ಪ ತೆಂಗಿನ ನಾರು ಹಾಸಿ, ಅದರ ಮೇಲೆ ಗಿಡವನ್ನಿಟ್ಟು ಬಾಳೆಪಟ್ಟೆಯಿಂದಲೋ ನೂಲಿನಿಂದಲೋ ಕಟ್ಟಿ, ಎಳೆಬಿಸಿಲು ಬೀಳುವ ಕಡೆ ತೂಗುಹಾಕಿ. ಸುಟ್ಟಮಣ್ಣು ನೀರನ್ನು ಹೀರಿ ಮೆಲ್ಲಮೆಲ್ಲನೆ ಬಿಡುತ್ತದೆ; ಬೇರಿಗೆ ಬೇಕಾದುದು ಅಷ್ಟೇ, ಮಣ್ಣಲ್ಲ. ಕಟ್ಟು ಕೊಳೆಯುವ ಹೊತ್ತಿಗೆ ಬೇರು ಹಂಚನ್ನು ತಾನೇ ಹಿಡಿದಿರುತ್ತದೆ. ಮಳೆಗಾಲದ ಆರಂಭಕ್ಕೆ, ಅದಕ್ಕೆ ಮನಸ್ಸು ಬಂದರೆ, ಗುಲಾಬಿ ಬಿಳುಪಿನ ದಂಡೆ ಇಳಿಬೀಳುತ್ತದೆ.

ಮನೆಯೊಳಗೆ ತರಬಾರದವು

ಯಾವುದನ್ನು ಬಿಡಬೇಕೆಂದು ಹೇಳದಿದ್ದರೆ ಈ ಲೇಖನ ಅರ್ಧಕ್ಕೆ ನಿಂತಂತೆ. ತೋಟದ ಸೀಮೆಯಲ್ಲಿ ಬಣ್ಣಬಣ್ಣದ ಡಬ್ಬಗಳಿಗೇನೂ ಕಡಿಮೆಯಿಲ್ಲ. ಕೀಟನಾಶಕದ ಡಬ್ಬದ ಮೇಲೆ ವಜ್ರಾಕಾರದ ಗುರುತಿರುತ್ತದೆ. ಅದರ ಬಣ್ಣ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆಗೆ ತಕ್ಕಂತೆ ಬದಲಾಗುತ್ತದೆ. ಗುರುತು ಯಾವ ಬಣ್ಣದ್ದಾದರೂ ಆ ಡಬ್ಬ ಹೂವಿನ ಕುಂಡವಾಗಲೂ ಬಾರದು, ಚಮಚೆ ಇಡುವ ಪಾತ್ರೆಯಾಗಲೂ ಬಾರದು. ಎಷ್ಟು ತೊಳೆದರೂ ಅದನ್ನು ನಂಬುವಂತಿಲ್ಲ. ಖಾಲಿ ಡಬ್ಬಗಳನ್ನು ಮತ್ತೆ ಬಳಸಲಾಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ವಿಧಿಸಿವೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸಿ ನೀಲಿ ಹಿಡಿದ ಪೀಪಾಯಿಗೂ, ಗೊಬ್ಬರವೋ ಔಷಧಿಯೋ ತಾಗಿದ ಗೋಣಿಗೂ ಇದೇ ಮಾತು.

ಎರಡನೆಯದು ನಿಂತ ನೀರು. ತೆಂಗಿನ ಚಿಪ್ಪು, ಟೈರು, ಒಡೆದ ಒರಳು, ಇವುಗಳಲ್ಲಿ ಗಿಡ ಬೆಳೆಸುವುದು ಈಗ ಬಳಕೆಗೆ ಬಂದಿದೆ. ತಳದಲ್ಲಿ ತೂತಿಲ್ಲದಿದ್ದರೆ ಅಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ತೂತು ಕೊರೆಯಲಾಗದ ಪಾತ್ರೆಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಳಮೈಯನ್ನು ಉಜ್ಜಿ ಒಣಗಿಸಬೇಕು. ಅಷ್ಟು ವ್ಯವಧಾನವಿಲ್ಲದಿದ್ದರೆ ಆ ಸಿಂಗಾರ ಬೇಡ.

ಮೂರನೆಯದು ಸ್ವಲ್ಪ ಸೂಕ್ಷ್ಮವಾದುದು. ಶಾಲೆಯಲ್ಲಿ ಒಮ್ಮೆ ಮಕ್ಕಳು ಪ್ಲಾಸ್ಟಿಕ್ ಬಾಟಲಿಗಳನ್ನು ಕತ್ತರಿಸಿ ನೂರಾರು ಹೂವು ಮಾಡಿ ಸಭಾಂಗಣಕ್ಕೆ ಕಟ್ಟಿದರು. ನೋಡಲು ಹಬ್ಬದಂತಿತ್ತು. ತಿಂಗಳು ಕಳೆಯುವುದರಲ್ಲಿ ಧೂಳು ಹಿಡಿದು, ಬಣ್ಣ ಎದ್ದು, ಎಲ್ಲವೂ ಕಸದ ಗುಂಡಿಗೆ ಹೋದವು. ಬಣ್ಣ ಬಳಿದದ್ದರಿಂದ ಗುಜರಿಯವನೂ ಮುಟ್ಟಲಿಲ್ಲ. ಕೆಲಸಕ್ಕೆ ಬಾರದ ಸಿಂಗಾರ ಕಸದ ದಾರಿಯಲ್ಲಿ ಒಂದು ತಂಗುದಾಣ ಮಾತ್ರ. ಮಕ್ಕಳಿಗೆ ನಾನು ಮೊದಲೇ ಮೂರನೆಯ ಪ್ರಶ್ನೆಯನ್ನು ಕೇಳಬೇಕಾಗಿತ್ತು.

ಇವೆಲ್ಲವನ್ನೂ ಒಂದೇ ಮನೆಯಲ್ಲಿ ಮಾಡಹೊರಟರೆ ಮನೆ ಸಂತೆಯಂತಾದೀತು. ಈ ವರ್ಷ ಒಂದು ಹಾಸು, ಬರುವ ವರ್ಷ ಒಂದು ಪೀಠ, ಅಷ್ಟಾದರೆ ಸಾಕು. ‘ಅಲಂ’ ಎಂಬ ಮಾತನ್ನು ಎಲ್ಲಿ ಹೇಳಬೇಕೆಂದು ತಿಳಿದವರ ಮನೆ ಚಂದ.

ಜಗಲಿಯ ಆ ಬೊಡ್ಡೆಯನ್ನು ಅಂದೇ ಸಂಜೆ ಕೊಚ್ಚಿ ಬಚ್ಚಲೊಲೆಗೆ ಹಾಕಿದೆ. ಆ ಜಾಗದಲ್ಲಿ ಈಗ ರೋಬಸ್ಟಾದ ಒಂದು ಪೀಠವಿದೆ. ಅದರ ಬೊಡ್ಡೆಯನ್ನು ಮರುನಾಟಿಯ ಕಾಲದಲ್ಲಿ ಆರಿಸಿಕೊಟ್ಟವರು ಅದೇ ರೈಟರು. ಎಂಟು ತಿಂಗಳು ನೆರಳಿನಲ್ಲಿ ಒಣಗಿಸಿ, ಎಣ್ಣೆ ಸವರಿ, ಮೇಲೆ ಹಳೆಯ ಬಾಗಿಲಿನ ಹಲಗೆಯೊಂದನ್ನು ಕೂರಿಸಿದೆ. ಅದರ ಮೇಲೆ ಗೋಣಿಯ ಹಾಸು, ಹಾಸಿನ ಮೇಲೆ ರೇಡಿಯೋ. ಸಂಜೆಯ ಹೊತ್ತು ಎದುರುಮನೆಯವರು ತೋಟದಿಂದ ಹಿಂದಿರುಗುವಾಗ ಜಗಲಿಯ ತುದಿಯಲ್ಲಿ ಕುಳಿತು ಪ್ರದೇಶ ಸಮಾಚಾರ ಕೇಳಿಕೊಂಡು ಹೋಗುತ್ತಾರೆ. ಮೊದಲ ದಿನ ಅವರು ಬಗ್ಗಿ ಆ ಬೊಡ್ಡೆಯ ಸುತ್ತ ಕೈಯಾಡಿಸಿ ನೋಡಿದರು, ತೂತೇನೂ ಸಿಗಲಿಲ್ಲ. ಆಮೇಲೆ ನೆಮ್ಮದಿಯಿಂದ ಕುಳಿತರು.